ತಿರುವುಮುರುವು ಟೇಪು

ಪೇಟೆಯಲ್ಲಿ ಅವನನ್ನು ಎಲ್ಲರೂ ತಪ್ಪಣ್ಣ ಎಂದೇ ಕರೆಯುತ್ತಿದ್ದರು. ಕಸುಬು ನಲ್ಲಿ ರಿಪೇರಿ, ಚಟ ಬೇರೆಯವರ ರಿಪೇರಿ. ಯಾರಾದರೂ ‘ನಿಮ್ಮ ನಲ್ಲಿ ನೀವೇ ಜೋಡಿಸಿ’ ಎಂದು ವಿಡಿಯೋ ಹಾಕಿದರೆ ಸಾಕು, ಇವನು ಅದನ್ನು ಅಲ್ಲಲ್ಲಿ ನಿಲ್ಲಿಸಿ, ಸ್ಪ್ಯಾನರಿನಲ್ಲಿ ತೋರಿಸಿ, ಅವರ ಮರ್ಯಾದೆಯನ್ನು ಹರಾಜು ಹಾಕುತ್ತಿದ್ದ. ನಲವತ್ತು ಸಾವಿರ ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ನ್ಯಾಯವಾಗಿ ಹೇಳಬೇಕೆಂದರೆ, ಅವನು ಹಿಡಿದ ತಪ್ಪುಗಳು ನಿಜಕ್ಕೂ ತಪ್ಪೇ ಆಗಿರುತ್ತಿದ್ದವು.

ಒಂದು ವಾರ ಸಿಕ್ಕ ಬಕರಾ, ಮುಖ ತೋರಿಸದ ಒಬ್ಬ ಮುದುಕ. ಬರೀ ಕೈಗಳು ಕಾಣುತ್ತಿದ್ದವು, ಮಾತೂ ಇರಲಿಲ್ಲ. ಪೈಪಿನ ತುದಿಗೆ ಬಿಳಿ ಟೇಪು ಸುತ್ತುತ್ತಿದ್ದ, ಅದೂ ಉಲ್ಟಾ. ನಲ್ಲಿ ಬಿಗಿಯುವ ದಿಕ್ಕಿಗೇ ಸುತ್ತದಿದ್ದರೆ ಟೇಪು ಬಿಚ್ಚಿಕೊಂಡು ನೀರು ಸೋರುತ್ತದೆ; ಕಸುಬಿನ ಮೊದಲ ಪಾಠವೇ ಅದು. ತಪ್ಪಣ್ಣ ಆರು ನಿಮಿಷ ಆಡಿಕೊಂಡ.

ವಿಡಿಯೋ ನೋಡಿದ ಹೆಂಡತಿ ನಗಲಿಲ್ಲ. ಅದು ಅವಳ ಅಪ್ಪನ ಕೈ. ತಪ್ಪಣ್ಣನಿಗೆ ಕಸುಬು ಕಲಿಸಿದ್ದೂ ಅದೇ ಕೈ.

“ಅಪ್ಪ ಗಡಿಯಾರ ಕಟ್ಟೋದು ಎಡಗೈಗೆ. ಇಲ್ಲಿ ಬಲಗೈಯಲ್ಲಿದೆ, ಸರಿಯಾಗಿ ನೋಡಿ,” ಎಂದಳು.

ತಪ್ಪಣ್ಣ ವಿಡಿಯೋವನ್ನು ಮತ್ತೊಮ್ಮೆ ಹಾಕಿ ನೋಡಿದ. ಮಾವ ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದಿದ್ದರು. ಕನ್ನಡಿಯಲ್ಲಿ ಕಂಡಂತೆ ಎಡ ಬಲವಾಗಿತ್ತು, ಅಷ್ಟೆ. ಟೇಪು ಸರಿಯಾಗಿಯೇ ಇತ್ತು. ವಿಡಿಯೋ ಅಳಿಸಿ, ಫೋನು ಮಾಡಿ ಕ್ಷಮೆ ಕೇಳುತ್ತೇನೆ ಎಂದು ತಡವರಿಸಿದ.

“ಆಡ್ಕೊಂಡಿದ್ದು ಊರೆದುರಿಗೆ, ತಪ್ಪಾಯ್ತು ಅನ್ನೋದು ಮಾತ್ರ ಗುಟ್ಟಾಗಿ ಕಿವೀಲಾ?” ಎಂದಳು ಹೆಂಡತಿ.

ತಲೆ ತಗ್ಗಿಸಿಕೊಂಡು ಮಾವನ ಮನೆಗೆ ಹೋದ. ಅವರಿಗೆ ಮುನಿಸೇ ಇರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ನೀನು ಹೇಳಿದ್ಮೇಲೆ ಸರಿಯಾಗೇ ಇರುತ್ತೆ ಅಂದ್ಕೊಂಡೆ ಕಣಯ್ಯ. ವಯಸ್ಸಾಯ್ತು, ಕೈ ಮರೆತಿರಬೇಕು ಅಂತ ಮೂರು ಮನೇಲಿ ನಿನ್ನ ಮಾತು ನಂಬಿ, ನನ್ನ ರೂಢಿಗೆ ಉಲ್ಟಾ ಸುತ್ತಿ ಬಂದೆ. ಮೂರೂ ಸೋರ್ತಿವೆ.”

ಇಡೀ ಆಯುಷ್ಯ ದುಡಿದ ಕೈಯನ್ನು ಆ ಮನುಷ್ಯ ಅಳಿಯನ ಮಾತಿಗೆ ಬೆಲೆ ಕೊಟ್ಟು ಅನುಮಾನಿಸಿದ್ದರು. ಅಳಬೇಕೋ ನಗಬೇಕೋ ತಿಳಿಯದೆ ತಪ್ಪಣ್ಣ ಅವರ ಸಾಮಾನಿನ ಚೀಲವನ್ನು ಹೆಗಲಿಗೇರಿಸಿದ. ಮಾವನ ಜೊತೆ ಮೂರೂ ಮನೆಗಳಿಗೆ ಹೋಗಿ, ಮೊಬೈಲು ನಿಲ್ಲಿಸಿ, ನೇರಪ್ರಸಾರದಲ್ಲೇ ಮಾವ ಸರಿ, ನಾನು ತಪ್ಪು ಎಂದ. ನೋಡುವವರು ಎಂದಿಗಿಂತ ಹೆಚ್ಚೇ ನಕ್ಕರು, ಈ ಸಲ ಅವನನ್ನು ನೋಡಿ.

ಕೊನೆಯ ಮನೆಯಲ್ಲಿ ಮಾವ, ಈಗ ನೀನು ಸುತ್ತು ಎಂದು ಟೇಪು ಕೊಟ್ಟರು. ಅಷ್ಟು ಜನರೆದುರು ಅವನು ಟೇಪಿನ ತುದಿಯನ್ನು ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ತಿರುಗಿಸಿದ. ಮಾವ ಅವನ ಕೈಯ ಮೇಲೆ ಕೈಯಿಟ್ಟು, ಮೊದಲ ಸುತ್ತು ತಾವೇ ಹಾಕಿಸಿದರು.