ಜೀರಂಗಿಯ ಜಾಲಿಗಿಡ

ಆಗೆಲ್ಲ ಮೃಗಶಿರೆಯ ಮಳೆ, ನಮ್ಮ ಕಡೆಯ ಮಿರಗ, ಕೊಟ್ಟ ಮಾತಿಗೆ ತಪ್ಪುತ್ತಿರಲಿಲ್ಲ. ಮೊದಲ ಹನಿಗೆ ಮಣ್ಣಿನ ವಾಸನೆ ಎದ್ದಿತೋ, ಕಲಬುರಗಿಯಿಂದ ಕಮಲಾಪುರದ ಅಜ್ಜಿ, ನಮ್ಮ ಆಯಿಯ ಮನೆಗೆ ಹೋಗೋಣವೆಂದು ನಾನು ಅವ್ವನ ಸೆರಗು ಜಗ್ಗುತ್ತಿದ್ದೆ. ಅಡವಿಗೆ ಹತ್ತಿದ ಆಯಿಯ ಹೊಲದಲ್ಲಿ ಒಂದು ಜಾಲಿಗಿಡವಿತ್ತು. ಅದಕ್ಕೆ ಜೀರಂಗಿಗಳು ಬರುತ್ತಿದ್ದವು. ಅಬ್ಬಾ, ಆ ಹುಳದ ಬಣ್ಣವೇ! ಬಿಸಿಲಿಗೆ ಹಿಡಿದರೆ ಹಸಿರು, ಹೊರಳಿಸಿದರೆ ಬಂಗಾರ. ಅಂಥ ರೇಷ್ಮೆಯನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ.

ಆಯಿಯ ಪಕ್ಕದ ಮನೆಯ ರಜಿಯಾ ಮತ್ತು ನಾನು ಒಂದೊಂದು ಹಿಡಿದು, ಕಡ್ಡಿಪೆಟ್ಟಿಗೆಯಲ್ಲಿ ಜಾಲಿ ಚಿಗುರು ಹಾಸಿ ಸಾಕುತ್ತಿದ್ದೆವು. ಒಂದು ವರ್ಷ ನನ್ನದು ತತ್ತಿ ಇಟ್ಟಿತು. ರಜಿಯಾ ಕುಣಿದಾಡಿದಳು.

"ಅರೇ ವಾ! ಮರಿ ಆದ್ರ ನನಗೊಂದು ಕೊಡಬೇಕು ನೋಡು!"

"ಪೆಟಗಿಯೊಳಗ ಮರಿ ಆಗಂಗಿಲ್ಲವ್ವಾ," ಎಂದಳು ಆಯಿ. "ಅವಕ್ಕ ಗಿಡದ ಬುಡದ ಮಣ್ಣೇ ತೊಟ್ಟಿಲಾ."

ಮೂವರೂ ಹೋಗಿ ತತ್ತಿಗಳನ್ನು ಜಾಲಿಯ ಬುಡದಲ್ಲಿ ಹೂತು ಬಂದೆವು.

ಆ ವಾರವೇ ಮಾಮಾ ಬೇಲಿಗೆಂದು ಅದೇ ಗಿಡಕ್ಕೆ ಕೊಡಲಿ ತಂದ. ನಾನು ಹೋ ಎಂದು ಅತ್ತೆ. ಆಯಿ ಜಗಳಕ್ಕೆ ನಿಲ್ಲಲಿಲ್ಲ. ಗಿಡದ ಬುಡಕ್ಕೆ ಬೆನ್ನು ಕೊಟ್ಟು ಕುಳಿತು, ಬುತ್ತಿ ಬಿಚ್ಚಿ, ರೊಟ್ಟಿ ಮುರಿದು ಪುಂಡಿಪಲ್ಯ ಹಚ್ಚಿಕೊಂಡು ಉಣ್ಣತೊಡಗಿದಳು.

"ಅವ್ವಾ, ಹುಳದ ಸಲುವಾಗಿ ಯಾರಾದ್ರೂ ಗಿಡ ಬಿಡ್ತಾರೇನು?" ಎಂದ ಮಾಮಾ.

"ಹುಳ ಇದ್ರ ಹಕ್ಕಿ, ಹಕ್ಕಿ ಇದ್ರ ಅಡವಿ. ಕೊಡ್ಲಿ ಅತ್ಲಾಗಿಟ್ಟು ನೀನೂ ಉಣ್ಣು ಬಾ."

ಮಾಮಾ ತಲೆ ಕೆರೆದುಕೊಂಡು ರೊಟ್ಟಿಗೆ ಕೈ ಚಾಚಿದ. ಬೇಲಿಗೆ ಬೇರೆ ಮುಳ್ಳು ಬಂತು. ನನ್ನ ಆಯಿ ಎಂಥ ಗಟ್ಟಿಗಿತ್ತಿ!

ಮುಂದೆ ಒಂದು ಮಿರಗಕ್ಕೆ ಆ ಗಿಡದ ತುಂಬ ಜೀರಂಗಿಗಳು. ಅವು ನನ್ನ ತತ್ತಿಯವೇ ಎಂದು ಯಾರು ಹೇಳಬೇಕು? ನಾನಂತೂ ನಂಬಿದೆ. ಆಯಿ ಹರಕು ಎಲೆಗಳ ಮೇಲೆ ಕೈಯಾಡಿಸಿ, "ನಿನ್ನ ಮಕ್ಕಳು ಹೆಂಗ ಮೇದಾವ ನೋಡು!" ಎಂದು ನಕ್ಕಳು.

ಈ ವರ್ಷ ಮಗಳನ್ನು ಕರೆದುಕೊಂಡು ಅದೇ ಹೊಲಕ್ಕೆ ಹೋಗಿದ್ದೆ. ಈಗ ಮಳೆಗೆ ಹೊತ್ತು ಗೊತ್ತಿಲ್ಲ. ಬಂದರೆ ಒಮ್ಮೆಲೇ ಸುರಿದು, ಆಮೇಲೆ ನೆಲ ಕಲ್ಲಾಗುವವರೆಗೂ ಮುಖ ತೋರಿಸುವುದಿಲ್ಲ. ಹೊಲದಾಚೆಯ ಅಡವಿಯೂ ತೆಳ್ಳಗಾಗಿದೆ. ಆಯಿ ಉಳಿಸಿದ ಜಾಲಿ ಮಾತ್ರ ಹಸಿರಾಗಿ ನಿಂತಿತ್ತು. ಮಗಳು ಕಡ್ಡಿಪೆಟ್ಟಿಗೆ ಹಿಡಿದು ಟೊಂಗೆ ಟೊಂಗೆಯಲ್ಲೂ ಜೀರಂಗಿ ಹುಡುಕಿದಳು. ಕೊನೆಗೆ ಒಂದು ರೆಂಬೆ ಬಗ್ಗಿಸಿ ಖುಷಿಯಿಂದ ಕೂಗಿದಳು:

"ಮಮ್ಮಿ, ಗಿಡ ಎಷ್ಟು ಚಂದ ಅದ ನೋಡು! ಒಂದ ಎಲೀನೂ ಹುಳ ತಿಂದಿಲ್ಲ!"

ಆಯಿ ಕೈಯಾಡಿಸಿದ ಹರಕು ಎಲೆಗಳು ನೆನಪಾಗಿ ನನಗೆ ಅಳು ತಡೆಯಲಾಗಲಿಲ್ಲ.