ಕಣಿವೆ ಮಣ್ಣು ಹೊತ್ತ ವಜೀರಣ್ಣ

ವಜೀರಣ್ಣನ ಮಾತೆತ್ತಿದ್ರೆ ಮಂಡಿಕಲ್ ಕಡೆ ಜನ ಇವತ್ತಿಗೂ "ಬೇಲೀನೇ ಎದ್ದು ಹೊಲ ಮೇಯ್ತು" ಅಂತಾರೆ. ಅವರ ಬಾಯಿಗೆ ಮಣ್ಣು ಹಾಕ! ಕಣ್ಣಾರೆ ಕಂಡೋಳು ನಾನು, ಅನಸೂಯಮ್ಮ. ಅವನಿದ್ದ ಗಿಡದ ಸ್ಕೀಮಿನಲ್ಲೇ ಸಸಿ ಪ್ಯಾಕೆಟ್ಟಿಗೆ ಮಣ್ಣು ತುಂಬಿ ಕೂಲಿ ತಿಂದೋಳು. ನನ್ನ ಕೇಳಿ.

ಎಂಬತ್ತಾರು, ಎಂಬತ್ತೇಳರ ಮಾತು. ನಮ್ಮ ಬೆಟ್ಟಕ್ಕೆ ಗಿಡ ನೆಡೋ ಸ್ಕೀಮು ಬಂತು. ವಜೀರಣ್ಣ ಚಿಕ್ಕಬಳ್ಳಾಪುರದೋನು. ಅಲ್ಲಿ ರೇಷ್ಮೆಗೂಡು ಬೇಯಿಸೋ ಬಿಸಿನೀರಲ್ಲಿ ಕೈ ಸುಟ್ಕೊಂಡು ಸಾಕಾಗಿ, ಹೆಂಡ್ತಿ ತಾಹಿರಾನ ಕರ್ಕೊಂಡು ಬಂದು ಗಿಡ ಕಾಯೋ ಕೆಲಸಕ್ಕೆ ಸೇರ್ಕೊಂಡ. ದಿನಗೂಲಿ. ಗಿಡ ಮೂರು ಬೇಸಿಗೆ ದಾಟಿದ್ರೆ ಕಾಯಂ ಮಾಡ್ತೀವಿ ಅಂತ ಸೂಪರ್‌ವೈಸರ್ ಸತ್ಯಮೂರ್ತಿ ಮಾತು ಕೊಟ್ಟಿದ್ದ. ಪಾಪ, ನಂಬ್ದ.

ಆ ಬೆಟ್ಟದ ರಸ್ತೆ ಕಡೆ ಬರೀ ಬಂಡೆ, ಬೆಳಗಿಂದ ಸಂಜೆವರೆಗೂ ಬಿಸಿಲು. ಹಿಂದೆ ಕಣಿವೆ. ಸುತ್ತಲ ದಿಣ್ಣೆಗಳ ಎಲೆ, ನೀರು ಎಲ್ಲಾ ಅಲ್ಲಿಗೇ ಇಳಿದು, ಕೊಳೆತು, ಕಾಲಿಟ್ರೆ ಪಾದ ಮುಳುಗೋ ಕಪ್ಪು ಮಣ್ಣು. ಅಲ್ಲಿನ ಹೊಂಗೆ, ಜಾಲರಿ ಮರ ತಬ್ಬಿದ್ರೆ ಕೈಗೆ ಕೈ ಸಿಗ್ತಿರಲಿಲ್ಲ. ಸ್ಕೀಮಿನೋರು ಗಿಡ ನೆಟ್ಟಿದ್ದು ಯಾವ ಕಡೆ ಹೇಳಿ? ಬಂಡೆ ಕಡೆ! ಜೀಪಲ್ಲಿ ಹೋಗೋ ಸಾಹೇಬ್ರಿಗೆ ಕಾಣಬೇಕಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಎರಡು ಬೇಸಿಗೆ ವಜೀರಣ್ಣ ಬಿಂದಿಗೇಲಿ ನೀರು ಹೊತ್ತ. ಗಿಡ ಒಣಗ್ತಾನೇ ಹೋಯ್ತು. ಆಗ ಸತ್ಯಮೂರ್ತಿಗೆ ಬುದ್ಧಿ ಓಡ್ತು: ಕಣಿವೆ ಮಣ್ಣು ಅಗೆದು ಬಂಡೆ ಕಡೆ ಗುಂಡಿಗಳಿಗೆ ತುಂಬಿ ಅಂದ.

ವಜೀರಣ್ಣ ಕೈ ಮುಗಿದ. "ಬೇಡ ಸಾರ್, ಇದ್ದ ಮರ ಬಿದ್ದೋಗ್ತವೆ."

"ನಿನಗೆ ಕಾಯಂ ಬೇಕೋ, ಕಣಿವೆ ಬೇಕೋ? ಬೇಡಾಂದ್ರೆ ಹೇಳಪ್ಪ, ಬೇರೆಯೋರನ್ನ ನೋಡ್ಕೋತೀನಿ."

ತಾಹಿರಾಗೆ ಆಗ ಏಳು ತಿಂಗಳು. ವಜೀರಣ್ಣ ಗುದ್ದಲಿ ಹಿಡಿದ. ನಾವು ಹೆಂಗಸರೂ ಮಂಕರಿ ಹೊತ್ವಿ. ಒಂದಿನ ಅವನು ಗುದ್ದಲಿ ಬಿಟ್ಟು ಕೂತು, "ಯಾ ಅಲ್ಲಾ, ಬೇರು ಕಾಣ್ತಿದಾವಲ್ಲಮ್ಮ ಅನಸೂಯಮ್ಮ" ಅಂದ.

"ಏಮಿ ಚೇಸೇದಿ ಅಣ್ಣಾ, ಏನು ಮಾಡೋದು, ಹೊಟ್ಟೆ ಕೇಳ್ತದಾ?" ಅಂದೆ. ಇನ್ನೇನು ಹೇಳ್ಲಿ?

ಆ ವರ್ಷ ಮಳೆ ಜಡಿದು ಹೊಡೀತು. ಬಂಡೆ ಮೇಲೆ ಹಾಕಿದ ಮಣ್ಣು ನಿಂತೀತಾ? ಗಿಡದ ಸಮೇತ ಕೊಚ್ಕೊಂಡು ಕೆರೆಗೆ ಹೋಯ್ತು. ಇತ್ತ ಕಣಿವೇಲಿ ಬೇರು ಬಯಲಾಗಿದ್ದ ಮರಗಳು ಒಂದಾದ ಮೇಲೊಂದು ಮಗುಚಿದ್ವು. ಊರೆಲ್ಲಾ ಕೇಳ್ತಿತ್ತು ಆ ಸದ್ದು.

ಸ್ಕೀಮು ಮುಚ್ಚಿದ್ರು. ಕಾಯಂ ಎಲ್ಲಿ ಬಂತು, ಮಣ್ಣಂಗಟ್ಟಿ! ಸತ್ಯಮೂರ್ತಿ ವರ್ಗ ಮಾಡಿಸ್ಕೊಂಡು ಚಿಂತಾಮಣಿಗೆ ಹೋದ. ವಜೀರಣ್ಣನಿಗೆ ಉಳಿದಿದ್ದು "ಕಣಿವೆ ತಿಂದೋನು" ಅನ್ನೋ ಹೆಸರು. ಬಿದ್ದ ಮರಗಳನ್ನ ಹರಾಜಲ್ಲಿ ಹಿಡಿದ ಕಂಟ್ರಾಕ್ಟರು ಅಲ್ಲೇ ಇದ್ದಿಲು ಸುಡೋಕೆ ಶುರು ಮಾಡ್ದ. ಬೆಂಕಿ ಕಾಯೋ ಕೆಲಸಕ್ಕೆ ಸಿಕ್ಕಿದ್ದು ಯಾರು? ಇವನೇ. ಮನೇಲಿ ಹಸುಗೂಸು, ಇನ್ನೇನು ಮಾಡ್ಯಾನು? ನಮ್ಮ ತಾತ, ಮುತ್ತಾತನ ಕಾಲದಿಂದ ಆ ಮರಗಳು ಒಳಗೆ ಕೂಡಿಟ್ಟಿದ್ದೆಲ್ಲಾ ವಾರಗಟ್ಟಲೆ ಹೊಗೆಯಾಗಿ ಹೋಯ್ತು. ಒಗೆದ ಬಟ್ಟೆ ಹೊರಗೆ ಹಾಕೋ ಹಾಗಿರಲಿಲ್ಲ.

ಮಾರನೇ ವರ್ಷ ಚಿಕ್ಕಬಳ್ಳಾಪುರದ ಸಂತೇಲಿ ಅವನನ್ನ ಕಂಡೆ. ಕಂಟ್ರಾಕ್ಟರಿನ ಇದ್ದಿಲು ಮಾರ್ತಿದ್ದ. ಇಸ್ತ್ರಿ ಅಂಗಡಿ ಕೊಂಡಪ್ಪ ಒಂದು ತುಂಡು ಎತ್ತಿ ನೋಡ್ತಿದ್ರು.

"ಬಂಡೆ ಮೇಲಿನ ಕುರುಚಲದ್ದಲ್ಲ ಸ್ವಾಮಿ, ಭುಸ್ ಅಂತ ಉರಿದು ಬೂದಿಯಾಗೋಕೆ. ಕಣಿವೆ ಮರದ್ದು. ಭಾರ ನೋಡಿ! ಬೆಳಗ್ಗೆ ಹಾಕಿದ ಕೆಂಡ ಮಧ್ಯಾಹ್ನಕ್ಕೂ ಆರಲ್ಲ" ಅಂತ ವಜೀರಣ್ಣ ಹೊಗಳ್ತಿದ್ದ. ಹೊಗಳ್ತಾ ಹೊಗಳ್ತಾ ನನ್ನ ಕಂಡ. ಹೊಗಳೋದು ಬಿಟ್ಟು ಮೂಟೆ ಬಾಯಿ ಕಟ್ಟೋಕೆ ಶುರು ಮಾಡ್ದ.

"ಚೆನ್ನಾಗಿದೆಯಪ್ಪ. ಮುಂದಿನ ಸಂತೆಗೂ ಎರಡು ಮೂಟೆ ತಾ" ಅಂದ್ರು ಕೊಂಡಪ್ಪ.

"ಇನ್ನಿಲ್ಲ ಸ್ವಾಮಿ" ಅಂದ ವಜೀರಣ್ಣ. "ಇದೇ ಕೊನೇದು."