ಬೇಕಾದವರು ಅಂದ ವಾರ್ಡರ್ ಶಹರ್ಬಾನು

ಕೋಗಿಲು ಹಳ್ಳಿಯ ಶಹರ್ಬಾನು ಜೈಲು ವಾರ್ಡರ್ ಕೆಲಸಕ್ಕೆ ಹೋದದ್ದು ೧೯೭೮ರಲ್ಲಿ. ಗಂಡ ನಜೀರ್ ಲಾರಿ ಅಪಘಾತದಲ್ಲಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು, ಓದು ಸಾಕಾಗಿತ್ತು, ಎತ್ತರದ್ದೇ ಅನುಮಾನ. "ತುರುಬು ಬಿಚ್ಚಮ್ಮ, ಅದನ್ನೂ ಸೇರಿಸಿ ಅಳೆಯೋಕಾಗಲ್ಲ" ಅಂದರು ಅಳತೆ ತೆಗೆಯುತ್ತಿದ್ದ ಡಾಕ್ಟರು. ಗುರುತಿಲ್ಲದ ಗಂಡಸರೆದುರು ಕೂದಲು ಬಿಚ್ಚಿ ಗೋಡೆಗೆ ಬೆನ್ನು ಹಚ್ಚಿ ನಿಂತಳು. ಹೇಗೋ ಪಾಸಾದಳು.

ಸುದ್ದಿ ಕೇಳಿ ಅತ್ತೆ ನಜ್ಮುನ್ನೀಸಾ ಮಾತು ಬಿಟ್ಟಳು. ಅಂಗಳದ ಹಗ್ಗದ ಮೇಲೆ ಖಾಕಿ ಸೀರೆ ಒಣಗತೊಡಗಿದ ಮೇಲೆ ನೆರೆಯವರೂ ಬರುವುದನ್ನು ನಿಲ್ಲಿಸಿದರು.

ತರಬೇತಿ ಬೆಳಗಿನ ಓಟದಿಂದ ಶುರುವಾಗುತ್ತಿತ್ತು. ಹುಟ್ಟಿದಾರಭ್ಯ ಶೂ ಕಾಣದ ಕಾಲಲ್ಲಿ ಬೊಬ್ಬೆ ಎದ್ದವು. ಆಮೇಲೆ ಲಾಠಿ, ಬೀಗ, ತಲೆ ಎಣಿಕೆ, ಖೈದಿಗಳ ಮೈ ತಡವಿ ನೋಡುವ ತಲಾಶಿ. ಕಲಿಸುತ್ತಿದ್ದ ಹೆಡ್ ವಾರ್ಡರ್ ಪಟಾಲಮ್ಮ ಹೇಳುತ್ತಿದ್ದರು: "ಖೈದಿಗಳ್ನ ಬಯ್ಯಬೇಡ್ರಿ. ಅವರ ಹತ್ರ ಮನೆ ಸುದ್ದಿ ಆಡಬೇಡ್ರಿ. ಗೊತ್ತಿರೋರು ಒಳಗೆ ಬಂದ್ರೆ ನನಗೆ ಹೇಳ್ಬೇಕು." ಮನೆಯಲ್ಲಿ ಮಾತಾಡಿಸುವವರಿಲ್ಲ, ಇಲ್ಲಿ ಮಾತಾಡುವ ಹಾಗಿಲ್ಲ. ಸಂಜೆ ಬಸ್ಸಲ್ಲಿ ಕಂಡಕ್ಟರಿಗೆ "ಕೋಗಿಲು" ಅಂದದ್ದೇ ಎಷ್ಟೋ ದಿನ ಅವಳ ಕೊನೆಯ ಮಾತಾಗಿರುತ್ತಿತ್ತು.

ಹೀಗಿರುವಾಗ ಊರಿನ ಮುನಿಕೆಂಪಮ್ಮ ಜೈಲಿಗೆ ಬಂದಳು. ಜಮೀನಿನ ಜಗಳದಲ್ಲಿ ಮೈದುನನಿಗೆ ಕುಡುಗೋಲು ಬೀಸಿದಳೆಂಬ ಕೇಸು. ನಜೀರ್ ಸತ್ತಾಗ ಪಕ್ಕದಲ್ಲಿ ಕೂತು ಅಂಬಲಿ ಕುಡಿಸಿದವಳು ಇವಳೇ. ತಲಾಶಿಯ ಸರದಿ ಶಹರ್ಬಾನುವಿನದಾಗಿತ್ತು. ಸೆರಗು ಒದರಿ ನೋಡತೊಡಗಿದಳು.

"ಬಾನು, ನೀನಾ?" ಮುನಿಕೆಂಪಮ್ಮನ ಮುಖ ಅರಳಿತು. "ನೀನಿದ್ದೀಯಲ್ಲ, ಇನ್ನೇನ್ ಭಯ ನಂಗೆ!"

ಪಟಾಲಮ್ಮನಿಗೆ ಹೇಳದೆ ಇದ್ದುಬಿಟ್ಟರೆ ದಿನಾ ಈ ಮುಖ ಕಾಣಬಹುದು, 'ಉಂಡೆಯಾ' ಅಂತ ಯಾರಾದರೂ ಕೇಳಬಹುದು. ಮಧ್ಯಾಹ್ನದವರೆಗೂ ಆ ಆಸೆಯನ್ನು ಹೊತ್ತು ತಿರುಗಿದಳು. ಕೊನೆಗೆ ಪಟಾಲಮ್ಮನೆದುರು ಹೋಗಿ ನಿಂತಳು. "ಮೇಡಂ, ಅವರು ನಮ್ಮೂರವರು. ನನಗೆ ಬೇಕಾದವರು."

"ಹೇಳಿದ್ದು ಒಳ್ಳೇದಾಯ್ತು. ನಾಳೆಯಿಂದ ಗೇಟ್ ನೋಡ್ಕೊ."

ಗೇಟಿನಿಂದ ಹೆಂಗಸರ ಬ್ಯಾರಕ್ ಕಾಣುತ್ತಿರಲಿಲ್ಲ. ತರಬೇತಿ ಮುಗಿದ ದಿನ ಪರೇಡಿಗೆ ಉಳಿದವರ ಮನೆಯವರು ಹೂವು ತಂದಿದ್ದರು. ಶಹರ್ಬಾನು ಒಬ್ಬಳೇ ಬಸ್ ಹತ್ತಿದಳು.

ಮರುವರ್ಷ ಕೇಸು ಖುಲಾಸೆಯಾಯಿತು. ಮುನಿಕೆಂಪಮ್ಮನಿಗೆ ಗೇಟಿನ ಕಿರುಬಾಗಿಲು ತೆಗೆದವಳು ಶಹರ್ಬಾನುವೇ. "ಅಕ್ಕಾ, ಭಾನುವಾರ ನಿಮ್ಮನೇಗೆ ಬರ್ತೀನಿ" ಅಂದಳು.

ಮುನಿಕೆಂಪಮ್ಮ ಅವಳ ಖಾಕಿಯನ್ನೇ ದಿಟ್ಟಿಸಿದಳು. "ಬ್ಯಾಡ ಕಣಮ್ಮ. ನಿನ್ ಮ್ಯಾಲೆ ಸಿಟ್ಟೇನಿಲ್ಲ. ನಿನ್ನ ಕಂಡ್ರೆ ಈ ಗೋಡೆನೇ ಕಣ್ಮುಂದೆ ಬತ್ತದೆ."

ಅತ್ತೆ ಕೊನೆಗಾಲದವರೆಗೂ ಮಾತಾಡಲಿಲ್ಲ. ಅವಳು ತೀರಿಕೊಂಡ ಮೇಲೆ ಶಹರ್ಬಾನು ಆರ್.ಟಿ. ನಗರದಲ್ಲಿ ರೂಮು ಹಿಡಿದಳು. ಖಾಕಿಯನ್ನು ಒಳಗೇ ಒಣಹಾಕುತ್ತಿದ್ದಳು. ಏನು ಕೆಲಸ ಅಂತ ಅಲ್ಲಿ ಯಾರೂ ಕೇಳಲಿಲ್ಲ. ರಜೆ ಸಿಕ್ಕರೆ ಹೆಬ್ಬಾಳದ ಕೆರೆ ಏರಿಯ ಮೇಲೆ ಹೋಗಿ ಕೂರುತ್ತಿದ್ದಳು. ಕೋಗಿಲಿನ ಕಡೆ ಹೋಗುವ ಬಸ್ಸುಗಳು ಅಲ್ಲೇ ಹಾದುಹೋಗುತ್ತಿದ್ದವು.